ನಾನು ಮುಚ್ಚಿದ ಮಾಡ

ನಿಮ್ಮ ಅವ್ವ, ಅಂದರೆ ನನ್ನ ಮಗಳು, ದೊಡ್ಡ ಓದು ಓದಿದವಳು ಎಂದು ನಿಮಗೆ ಎಲ್ಲರೂ ಹೇಳಿರುತ್ತಾರೆ. ಆ ಓದಿನ ಅರ್ಧ ಭಾಗ ಸಿಂದಗಿಯ ನಮ್ಮ ಅಡುಗೆಮನೆಯಲ್ಲಿ, ರೊಟ್ಟಿ ಹಂಚಿನ ಪಕ್ಕದಲ್ಲಿ ನಡೆಯಿತೆಂದು ಯಾರೂ ಹೇಳಿರಲಾರರು. ಆಕೆಯೂ ಹೇಳಿರಲಾರಳು. ಹೇಳಲು ಹೋದರೆ ನನ್ನ ಭರಣಿಯ ಸಂಗತಿಯನ್ನೂ ಹೇಳಬೇಕಾಗುತ್ತದೆ. ಇಷ್ಟು ವರ್ಷ ನನ್ನ ಮರ್ಯಾದೆ ಕಾದಿದ್ದಾಳೆ. ಈ ವಯಸ್ಸಿನಲ್ಲಿ ಮರ್ಯಾದೆಗೆ ಅಷ್ಟೊಂದು ಕಾವಲು ಬೇಕಿಲ್ಲ, ನಾನೇ ಬರೆದುಬಿಡುತ್ತೇನೆ.

ನಾನು ದೇವಣಗಾಂವದ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಅಕ್ಷರ ದುಂಡಗೆ ಬಂತು, ಬಾಯಿ ಮಾತ್ರ ಬರಲಿಲ್ಲ. ನಾಲ್ಕು ಜನರ ಮುಂದೆ ಮಾತನಾಡಬೇಕೆಂದರೆ ಗಂಟಲಿಗೆ ಜೋಳದ ಹಿಟ್ಟು ಮೆತ್ತಿದಂತಾಗುತ್ತಿತ್ತು. ಮದುವೆಯಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳು ಎಂದು ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಅರ್ಧ ತಾಸು ಕಾದರೂ ನಾನು ಬಾಯಿ ಬಿಡಲಿಲ್ಲ. ಕೊನೆಗೆ ಹಸಿವು ತಡೆಯಲಾರದೆ ನನ್ನ ತಂಗಿಯೇ ಮುಂದೆ ಬಂದು ನನ್ನ ಬದಲು ಒಡಪು ಹೇಳಿ, ನಿಮ್ಮ ಅಜ್ಜನ ಹೆಸರು ಹೇಳಿ, ಎಲ್ಲರನ್ನೂ ಊಟಕ್ಕೆ ಬಿಡಿಸಿಕೊಂಡಳು. ಆ ಲೆಕ್ಕದಲ್ಲಿ ಮದುವೆ ಯಾರಿಗೆ ಆಯಿತೆಂದು ಕಾನೂನು ಓದಿದ ನಿಮ್ಮ ಅವ್ವನೇ ಹೇಳಬೇಕು.

ನಿಮ್ಮ ಅಜ್ಜ ಸರಕಾರದ ಕಟ್ಟಡ ಕೆಲಸಗಳ ಮೇಲೆ ನಿಂತು ನೋಡಿಕೊಳ್ಳುವ ನೌಕರಿಯಲ್ಲಿದ್ದರು. ಅವರು ತೀರಿಕೊಂಡಾಗ ನಿಮ್ಮ ಅವ್ವ ವಿಜಾಪುರದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಮುಂದೆ ಆಕೆಗೂ ಮುದ್ದೇಬಿಹಾಳದ ಕಚೇರಿಯಲ್ಲಿ ಅದೇ ಜಾತಿಯ ಕೆಲಸ ಸಿಕ್ಕಿತು. ಅಲ್ಲಿ ಆಕೆ ನೋಡಿದ ಮೊದಲ ಕಟ್ಟಡ ಒಂದು ಹಳ್ಳಿಯ ಸಾಲೆ. ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿನ ಕಪ್ಪು ಎರೆ ಮಣ್ಣಿನ ತಪ್ಪು ಎಂದು ಗುತ್ತೇದಾರ ಬರೆದ, ಗುತ್ತೇದಾರನ ತಪ್ಪು ಎಂದು ಕಚೇರಿಯವರು ಬರೆದರು. ಮಣ್ಣಿಗೆ ಬರೆಯಲು ಬರುತ್ತಿರಲಿಲ್ಲ, ಅದೊಂದೇ ಸುಮ್ಮನಿತ್ತು. ಮಕ್ಕಳು ಬೇವಿನ ಮರದ ಕೆಳಗೆ ಕುಳಿತು ಮಗ್ಗಿ ಹೇಳುತ್ತ ಇಯತ್ತೆ ದಾಟಿದರು. ನಿಮ್ಮ ಅವ್ವನ ತಲೆ ಕೆಟ್ಟಿತು. “ಕಟ್ಟಾಕ ಕಲ್ಸಿದ್ರು, ಕಟ್ಟಿದ ಮ್ಯಾಲಿನ ಜಗಳ ಬಿಡಸಾಕ ಯಾರೂ ಕಲಸ್ಲಿಲ್ಲ” ಎಂದು ಕಟ್ಟಡ ಕಾನೂನು ಮತ್ತು ವ್ಯಾಜ್ಯ ಇತ್ಯರ್ಥ ಎಂಬ ಸ್ನಾತಕೋತ್ತರ ಓದಿಗೆ ಅಂಚೆಯ ಮೂಲಕ ಹೆಸರು ಹಚ್ಚಿದಳು. ಪಾಠಗಳು ಪುಣೆಯಿಂದ ಟಪಾಲಿನಲ್ಲಿ ಬರುತ್ತಿದ್ದವು.

ಆಲಮೇಲದಿಂದ ನಮ್ಮಣ್ಣ, ಅಂದರೆ ನಿಮ್ಮ ಅವ್ವನ ಸೋದರಮಾವ, ಸುದ್ದಿ ಕೇಳಿ ಬಸ್ಸು ಹತ್ತಿ ಬಂದ.

“ಲಗ್ನ ಮಾಡೂದ್ ಬಿಟ್ಟು ಇದೇನ್ ಓದಸ್ತೀಯವ್ವಾ? ಜಗಳದ ಸಲುವಾಗಿ ಟಪಾಲಿನ್ಯಾಗ ಪಾಠ ತರಸ್ಬೇಕೇನು? ನಿಮ್ಮತ್ತಿ ಬದುಕಿದ್ರ ಮನ್ಯಾಗ ಕಲಸ್ತಿದ್ಲು!”

“ಅವ್ರು ಜಗಳ ಹಚ್ಚೂದು ಕಲಸ್ತಿದ್ರು, ಮಾಮಾ. ನಾ ಬಿಡಸೂದು ಕಲ್ಯಾಕತ್ತೇನಿ” ಎಂದಳು ನಿಮ್ಮ ಅವ್ವ. ಅಣ್ಣ ಚಹಾ ಕುಡಿದು ಹೋದ.

ಶನಿವಾರ ಸಂಜೆ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ, ಆಕೆ ಮಣೆಯ ಮೇಲೆ ಕುಳಿತು ಇಂಗ್ಲಿಷಿನಲ್ಲಿ ಓದಿ ನಮ್ಮ ಮಾತಿನಲ್ಲಿ ನನಗೆ ಹೇಳುತ್ತಿದ್ದಳು. “ನಿನಗ ತಿಳಿದ್ರ ಪರೀಕ್ಷಾ ತಪಾಸ ಮಾಡಾವ್ರಿಗೂ ತಿಳೀತೈತಿ” ಎನ್ನುತ್ತಿದ್ದಳು. ಇದು ಹೊಗಳಿಕೆಯೋ ಏನೋ ಎಂದು ನಾನು ಕೇಳಲಿಲ್ಲ.

“ಯವ್ವಾ, ಕೆಲಸ ತಡಾ ಆದ್ರ ತಡಾ ಮಾಡಿದವ್ರು ಯಾರು ಅಂತ ಹ್ಯಾಂಗ್ ಕಂಡುಹಿಡಿಯೂದು?”

“ಬೀಗರು ಊಟಕ್ಕ ತಡಾ ಮಾಡಿ ಬಂದ್ರ ಬೈಯೂಕಿಂತ ಮದಲ ಬಸ್ ಯಾವಾಗ ಬಂತು ಅಂತ ಕೇಳ್ಬೇಕು.”

ಆಕೆ ಅದನ್ನು ಬರೆದುಕೊಳ್ಳುತ್ತಿದ್ದಳು. ನನ್ನ ಮಾತನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು, ನನಗೆ ಸ್ವಲ್ಪ ಜಂಬವೂ ಬಂದಿತ್ತು. ಆದರೆ ಒಂದು ಭಾನುವಾರ ಕಾಣದ ದೋಷ ಎಂಬ ಪಾಠ ತೆಗೆದಳು. ಕಟ್ಟಡ ಒಪ್ಪಿಸುವಾಗ ಎಲ್ಲ ಚೆಂದ ಕಾಣುತ್ತದಂತೆ, ಗೋಡೆಯೊಳಗೆ ಮುಚ್ಚಿಟ್ಟ ತಪ್ಪು ಎಷ್ಟೋ ವರ್ಷಗಳ ಮೇಲೆ ಹೊರಬೀಳುತ್ತದಂತೆ. ಆ ದಿನ ನನ್ನ ರೊಟ್ಟಿ ಹರಿಯಿತು.

“ಯಾಕ್ ಯವ್ವಾ?”

“ಹಿಟ್ಟಿಗೆ ನೀರು ಕಮ್ಮಿ ಆಗೇತಿ” ಎಂದೆ.

ನಮ್ಮ ಮನೆಗೂ ಬಾಜೂಮನೆಗೂ ನಡುವೆ ಒಂದೇ ಗೋಡೆ. ಕಲ್ಲು ಮಣ್ಣಿನದು, ದಪ್ಪ ಹತ್ತಿರ ಹತ್ತಿರ ಎರಡು ಮೊಳ. ನಮ್ಮ ಚಾವಣಿಯಾದ ಮಣ್ಣಿನ ಮಾಳಿಗೆಯ ತೊಲೆಗಳು ಅದರ ಮೇಲೆಯೇ ಕುಳಿತಿದ್ದವು. ಆಚೆ ಬಾಜೂಮನೆ ಅಕ್ಕ ಮತ್ತು ಆಕೆಯ ಮಗ. ಅಕ್ಕನೂ ನನ್ನ ಹಾಗೆಯೇ ಗಂಡನನ್ನು ಕಳೆದುಕೊಂಡವಳು, ನನಗಿಂತ ನಾಲ್ಕು ವರ್ಷ ಹಿರಿಯಳು. ಮಗ ಬಜಾರಿನಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ ಇಟ್ಟಿದ್ದ. ಅವನಿಗೆ ಹಳೆಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟುವ ಹುಕಿ ಬಂತು. ಒಂದು ಮುಂಜಾನೆ ಬಾಗಿಲಿಗೆ ಬಂದು ನಿಂತ.

“ಚಿಗವ್ವಾ, ನಮ್ಮ ಗ್ವಾಡಿ ನಾವು ಕೆಡವ್ತೇವ್ರಿ. ನಿಮ್ಮ ತೊಲಿ ತಗದು ಇಟ್ಕೋರಿ.”

ಹಗ್ಗದ ಮೇಲಿನ ಸೀರೆ ತೆಗೆದಿಟ್ಟುಕೊಳ್ಳಿ ಎನ್ನುವ ಹಾಗೆ ಹೇಳಿ ಹೋದ. ತೊಲೆ ತೆಗೆದರೆ ಅಡುಗೆಮನೆ, ಪಡಸಾಲೆ ಎರಡರ ಮಾಳಿಗೆಯೂ ನನ್ನ ತಲೆಯ ಮೇಲೆ ಬರುತ್ತಿತ್ತು. ಉಳಿಯುವುದು ಬಚ್ಚಲು ಮಾತ್ರ. ನಾನು ಎಷ್ಟೇ ನಾಚಿಕೆಯವಳಾದರೂ ಬಚ್ಚಲಲ್ಲಿ ಸಂಸಾರ ಮಾಡಲಾಗುತ್ತದೆಯೇ?

ನಿಮ್ಮ ಅವ್ವ ಬಂದವಳೇ ಹೇಳಿದಳು, “ಕೋರ್ಟಿಗೆ ಹೋಗೂದು ಬ್ಯಾಡ. ಅಲ್ಲಿಗೆ ಹ್ವಾದ್ರ ಗ್ವಾಡಿ ತಾನ ಬಿದ್ದ ಮ್ಯಾಲ ತೀರ್ಪು ಬರ್ತೈತಿ.”

“ನೀನ ಓದೀಯಲ್ಲ, ನೀನ ನ್ಯಾಯ ಹೇಳಿಬಿಡು.”

“ತನಗ ಲಾಭ ಇದ್ದಾಕಿ ನ್ಯಾಯ ಹೇಳಾಕ ಕುಂಡ್ರಬಾರದು. ಮದಲ್ನೇ ಪಾಠನ ಅದು.”

“ಹಂಗಾರ ನಮ್ಮ ಕಡೆ ಹಿರೇರು ಅಂತ ಯಾರ್ ಉಳೀತಾರ?”

ಕೊನೆಗೆ ಬಸವನ ಬಾಗೇವಾಡಿಯಿಂದ ಒಬ್ಬ ನಿವೃತ್ತ ಓವರ್‌ಸಿಯರ್ ಅವರನ್ನು ಮಧ್ಯಸ್ಥರನ್ನಾಗಿ ಕರೆಸಿದರು. ಎರಡೂ ಮನೆಯವರು ಅವರನ್ನು ಒಪ್ಪಿದ್ದು ಅವರ ಜ್ಞಾನ ನೋಡಿ ಅಲ್ಲ. ಸಿಂದಗಿಯಲ್ಲಿ ಅವರಿಗೆ ಬೀಗರಿರಲಿಲ್ಲ, ಅದಕ್ಕೆ. ಅವರ ತೀರ್ಪಿಗೆ ಎರಡೂ ಕಡೆಯವರು ಬದ್ಧರು ಎಂದು ಮೊದಲೇ ಬರೆದು ಸಹಿ ಮಾಡಿದೆವು. ತನ್ನ ಪದವಿಯ ಕೊನೆಯ ಪ್ರಬಂಧಕ್ಕೆ ಈ ಗೋಡೆಯನ್ನೇ ವಿಷಯ ಮಾಡಿಕೊಂಡ ನಿಮ್ಮ ಅವ್ವ ಒಂದು ನೋಟುಬುಕ್ಕು ಹಿಡಿದು ದೂರ ಕುಳಿತಳು.

ಯಾರ ಮನೆಯಲ್ಲೂ ಕೂಡಬಾರದೆಂದು ಓಣಿಯಲ್ಲಿಯೇ ಜಮಖಾನೆ ಹಾಸಿದೆವು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು ಎಂಬುದು ನಿಮ್ಮ ಅವ್ವ ಪಾಠದಿಂದ ತೆಗೆದುಕೊಟ್ಟ ನಿಯಮ. ಓವರ್‌ಸಿಯರ್ ಅದನ್ನು ಗಟ್ಟಿಯಾಗಿ ಓದಿದರು.

“ನಡುವ ಹಾಕಬಾರದು ಅಂದ್ರ ಬಾಯಿ ಯಾತಕ್ಕ ಐತ್ರಿ?” ಎಂದಳು ಬಾಜೂಮನೆ ಅಕ್ಕ.

“ಊಟಕ್ಕ, ಯವ್ವಾ” ಎಂದರು ಓವರ್‌ಸಿಯರ್. ಅಕ್ಕ ಸೆರಗು ಹೊದ್ದು ತಿರುಗಿ ಕುಳಿತಳು.

ಅವಳ ಮಗ ಹೇಳಿದ್ದು ಇಷ್ಟು. ಗೋಡೆ ಅವನ ಅಜ್ಜ ಕಟ್ಟಿಸಿದ್ದು, ಬಾಯಿಮಾತಿನಲ್ಲಿ ಉಪಕಾರ ಮಾಡಿ ನಮಗೆ ತೊಲೆ ಇಡಲು ಬಿಟ್ಟಿದ್ದು. ಓವರ್‌ಸಿಯರ್ ತಲೆಯಾಡಿಸಿ ಎದ್ದು ಅವರ ಮನೆಯೊಳಗೆ ಹೋದರು, ಬಳಿಕ ನಮ್ಮ ಮನೆಯೊಳಗೆ ಬಂದು ಗೋಡೆಯ ಉದ್ದಕ್ಕೂ ಅಂಗೈ ಸವರಿದರು.

“ಅವ್ರ ಕಡಿ ಗ್ವಾಡ್ಯಾಗ ಎರಡು ಮಾಡ ಅದಾವು. ನಿಮ್ಮ ಕಡಿ ಒಂದೂ ಇಲ್ಲಲ್ರಿ?”

ಮಾಡ ಎಂದರೆ ದೀಪ, ಡಬ್ಬಿ ಇಡಲು ಗೋಡೆಯಲ್ಲಿ ಬಿಟ್ಟ ಗೂಡು. ನೀವು ಈಗಿನ ಮನೆಗಳಲ್ಲಿ ನೋಡಿರಲಿಕ್ಕಿಲ್ಲ. ಅವರು ಜಮಖಾನೆಗೆ ಮರಳಿ ಬಂದು ಎಲ್ಲರಿಗೂ ತಿಳಿಸಿ ಹೇಳಿದರು. ಕಾಗದಪತ್ರ ಇಲ್ಲದ ಕಾಲದಲ್ಲಿ ಗೌಂಡಿಗಳು ಒಡೆತನವನ್ನು ಗೋಡೆಯಲ್ಲೇ ಬರೆದಿಡುತ್ತಿದ್ದರಂತೆ. ಗೋಡೆ ಒಬ್ಬರದಾದರೆ ಅವರ ಕಡೆ ಮಾತ್ರ ಮಾಡ ಬಿಡುವುದು, ಇಬ್ಬರದೂ ಆದರೆ ಎರಡೂ ಕಡೆ ಬಿಡುವುದು. ಪರರ ಗೋಡೆಯ ಮೇಲೆ ಉಪಕಾರದಿಂದ ತೊಲೆ ಇಡಬಹುದು, ಆದರೆ ತನ್ನ ಗೋಡೆಯ ಹೊಟ್ಟೆಯಲ್ಲಿ ಪರರಿಗೆ ಮಾಡ ಮಾಡಿಕೊಳ್ಳಲು ಯಾರೂ ಬಿಡುವುದಿಲ್ಲ.

“ಅಲ್ಲೇ—” ಎಂದು ಬಾಜೂಮನೆ ಅಕ್ಕ ಏನೋ ಹೇಳಲು ಹೋದಳು.

“ನಡುವ ಬ್ಯಾಡ್ರಿ, ಯವ್ವಾ” ಎಂದು ಓವರ್‌ಸಿಯರ್ ನಿಯಮದ ಹಾಳೆ ತೋರಿಸಿದರು.

ನಮ್ಮ ಕಡೆಯೂ ಒಂದು ಮಾಡ ಇತ್ತು. ಅದನ್ನು ಮುಚ್ಚಿದವಳು ನಾನು.

ಮದುವೆಯಾಗಿ ಎರಡನೆಯ ವರ್ಷ. ನಮ್ಮತ್ತೆ ಮಗಳ ಬಾಣಂತನಕ್ಕೆ ಇಂಡಿಗೆ ಹೋಗಿ ಒಂದು ತಿಂಗಳು ಇದ್ದರು. ಅವರ ಉಪ್ಪಿನಕಾಯಿಯ ಭರಣಿ ಒಂದಿತ್ತು, ಸೊಲ್ಲಾಪುರದಿಂದ ತಂದದ್ದು, ಮೇಲೆ ಕಂದು, ಕೆಳಗೆ ಬಿಳಿ. ಬೆಳಿಗ್ಗೆ ಎದ್ದರೆ ದೇವರಿಗಿಂತ ಮೊದಲು ಅದನ್ನು ಮುಟ್ಟಿ ನೋಡುತ್ತಿದ್ದರು. ಅವರು ಬರುವುದರೊಳಗೆ ತೊಳೆದಿಟ್ಟು ಶಭಾಷ್ ಎನ್ನಿಸಿಕೊಳ್ಳಬೇಕೆಂದು ಹೋಗಿ ಕೈಜಾರಿ ಬಿಟ್ಟೆ. ಚೂರುಗಳನ್ನು ತಿಪ್ಪೆಗೆ ಹಾಕುವಂತಿರಲಿಲ್ಲ. ನಮ್ಮ ಓಣಿಯಲ್ಲಿ ತಿಪ್ಪೆ ಎಂದರೆ ವರ್ತಮಾನ ಪತ್ರಿಕೆ, ಎಲ್ಲರೂ ಓದುವವರೇ. ಆದ್ದರಿಂದ ಚೂರುಗಳನ್ನೆಲ್ಲ ಮಾಡದಲ್ಲಿ ತುಂಬಿ, ಹೊಟ್ಟು ಕಲೆಸಿದ ಮಣ್ಣು ಮೆತ್ತಿ, ಸುಣ್ಣ ಬಳಿದೆ. ಗೋಡೆ ಸಾರಿಸುವುದು ಹೆಂಗಸರ ಕೆಲಸ. ಗಂಡಸರ ಹಕ್ಕುಪತ್ರ ಅಲ್ಲಿದೆ ಎಂದು ಸಾರಿಸುವವಳಿಗೆ ಯಾರು ಹೇಳಿದ್ದರು? ಊರೆಲ್ಲರ ಗೋಡೆ ತಪಾಸಣೆ ಮಾಡುವ ನಿಮ್ಮ ಅಜ್ಜ ಭಾನುವಾರ ಮನೆಗೆ ಬಂದರೆ ಸ್ವಂತ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದರು, ಅದನ್ನು ನೋಡುತ್ತಿರಲಿಲ್ಲ.

ಅತ್ತೆ ಬಂದರು. ಮಾಡದಲ್ಲಿ ಚೇಳು ಸೇರಿದ್ದವು, ಮುಚ್ಚಿದೆ ಎಂದೆ. “ಶ್ಯಾಣ್ಯಾಕಿ” ಎಂದರು. ಆಮೇಲೆ ಕೇಳಿದರು.

“ಭರಣಿ ಎಲ್ಲೈತಿ?”

ನನ್ನ ಕಣ್ಣು ತಾನೇ ಗೋಡೆಯ ಕಡೆ ಹೋಯಿತು. ಅತ್ತೆಯ ಕಣ್ಣೂ ಅತ್ತ ಹೋಯಿತು, ಆದರೆ ಗೋಡೆಯ ಹತ್ತಿರ ನಿಲ್ಲಲಿಲ್ಲ, ದಾಟಿ ಆಚೆಗೆ ಹೋಯಿತು.

“ಬಾಜೂಮನ್ಯಾಕಿ ಒಯ್ದಾಳೇನು? ಎರಡು ಸಲ ಕೇಳಿದ್ಲು ಅದನ್ನ.”

ನಾನು ತಲೆ ತಗ್ಗಿಸಿದೆ. ಹೊಸ ಸೊಸೆ ತಲೆ ತಗ್ಗಿಸಿದರೆ ಹೌದು ಎಂದೇ ಅರ್ಥ. ಅತ್ತೆ ಓಣಿಯ ನಡುವೆ ನಿಂತು ಸೆರಗು ಸಿಕ್ಕಿಸಿ ಬೈದರು. ಅಂದಿನಿಂದ ಎರಡು ಮನೆಗಳ ನಡುವೆ ಮಜ್ಜಿಗೆ ಇಲ್ಲ, ಕೆಂಡ ಇಲ್ಲ. ಬಾಜೂಮನೆ ಅಕ್ಕ ಓಣಿಯಲ್ಲಿ ಭರಣಿಕಳ್ಳಿಯಾದಳು. ಅತ್ತೆ ತೀರಿಕೊಂಡ ಮೇಲೆ ನಾವಿಬ್ಬರೂ ಮಾತನಾಡತೊಡಗಿದೆವು. ಆದರೆ ಆಕೆ ನಮ್ಮ ಮನೆಯಿಂದ ಬಟ್ಟಲು ಸಹ ಕೈಗಡ ತೆಗೆದುಕೊಳ್ಳುತ್ತಿರಲಿಲ್ಲ.

ಓವರ್‌ಸಿಯರ್ ಹದಿನೈದು ದಿನ ಕೊಟ್ಟರು. ಬೇರೆ ಸಾಕ್ಷಿ ಸಿಗದಿದ್ದರೆ ಗೋಡೆ ಬಾಜೂಮನೆಯವರದು ಎಂದು ಬರೆಯುವುದಾಗಿ ಹೇಳಿ ಬಸ್ಸಿಗೆ ಹೋದರು. ನಿಮ್ಮ ಅವ್ವ ಅಜ್ಜನ ಟ್ರಂಕು ತೆಗೆದು ಕಾಗದ ಹುಡುಕಿದಳು. ಸಿಕ್ಕಿದ್ದು ಪರರ ಕಟ್ಟಡಗಳ ಅಳತೆಗಳೇ.

ಆಕೆ ಮುದ್ದೇಬಿಹಾಳಕ್ಕೆ ಹೋದ ಮೇಲೆ ನನಗೊಂದು ಯುಕ್ತಿ ಹೊಳೆಯಿತು. ಗುಟ್ಟಾಗಿ ಮಾಡ ತೆರೆದು, ಚೂರು ತೆಗೆದು, ಒಳಗೊಂದು ದೀಪ ಇಟ್ಟುಬಿಟ್ಟರೆ? ಕುರ್ಪಿ ತೆಗೆದುಕೊಂಡು ಎರಡು ಏಟು ಹಾಕಿದ್ದೆನೋ ಇಲ್ಲವೋ, ಆಚೆಯಿಂದ ದನಿ ಬಂತು.

“ಏನ್ ಬಡ್ಯಾಕತ್ತೀ?”

“ಹಲ್ಲಿ, ಅಕ್ಕಾ.”

“ಕಲ್ಲಿನ ಹಲ್ಲಿ ಏನ?”

ಕುರ್ಪಿ ಕೆಳಗಿಟ್ಟೆ.

ಮುಂದಿನ ಭಾನುವಾರ ನಿಮ್ಮ ಅವ್ವ ಸಾಕ್ಷಿಯ ಪಾಠ ತೆಗೆದಿದ್ದಳು. ಸಾಕ್ಷಿಯಾಗುವ ವಸ್ತುವನ್ನು ಒಂದೇ ಕಡೆಯವರು ಗುಟ್ಟಾಗಿ ಮುಟ್ಟಿದರೆ ಅದಕ್ಕೆ ಬೆಲೆ ಇಲ್ಲವಂತೆ, ಇಬ್ಬರ ಎದುರಿಗೂ ತೆರೆಯಬೇಕಂತೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಇಬ್ಬರೂ ಅದನ್ನೇ ನೋಡಿದೆವು. ನಾನು ಎಲ್ಲ ಹೇಳಿಬಿಟ್ಟೆ.

ಆಕೆ ನಕ್ಕಳು. ಬಿಕ್ಕಳಿಕೆ ಬರುವಷ್ಟು ನಕ್ಕು, ನೀರು ಕುಡಿದು, ಮತ್ತೆ ನಕ್ಕಳು. “ಯವ್ವಾ, ಕಾಣದ ದೋಷ ಅಂತ ನಾ ನಿನಗ ಪಾಠ ಮಾಡಿದ್ನಲ್ಲ!”

“ನಗಬ್ಯಾಡ. ನೀನ ಅವ್ರ ಮುಂದ ಹೇಳಿಬಿಡು.”

“ನಾ ಆಗ ಹುಟ್ಟಿದ್ದಿಲ್ಲ. ನಾ ಹೇಳಿದ್ರ ಬರೇ ಕೇಳಿದ ಮಾತಾಗ್ತೈತಿ. ಮಾಡಿದಾಕಿ ನೀನು, ನೀನ ಹೇಳ್ಬೇಕು.”

“ನನ್ನ ಮದಿವ್ಯಾಗ ನನ್ನ ತಂಗಿ ಹೇಳಿದ್ದು ನಡೀತಲ್ಲ?”

“ಅದು ಮದಿವಿ. ಇದು ಗ್ವಾಡಿ” ಎಂದಳು ನಿಮ್ಮ ಅವ್ವ.

ಉಳಿದ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ. ಸುಮ್ಮನಿದ್ದರೆ ಮಾಳಿಗೆ ಹೋಗುತ್ತಿತ್ತು. ಮಾತನಾಡಿದರೆ ನನ್ನನ್ನು ಒಳ್ಳೆಯವಳೆಂದುಕೊಂಡಿದ್ದ ಓಣಿ ಹೋಗುತ್ತಿತ್ತು, ಆ ಅಕ್ಕನ ಮುಖ ನೋಡುವ ಧೈರ್ಯವೂ ಹೋಗುತ್ತಿತ್ತು. ಹಾಳಾಗಲಿ, ಬಚ್ಚಲೇ ಇರಲಿ ಎಂದೂ ಒಂದೆರಡು ಸಲ ಅನ್ನಿಸಿತು. ಆದರೆ ಒಂದು ಮಧ್ಯಾಹ್ನ ಆಚೆಯಿಂದ ಅಕ್ಕ ಮಗನಿಗೆ ಹೇಳುವುದು ಕೇಳಿಸಿತು. “ತೊಲಿ ತಗಿಯೂಕಿಂತ ಮದಲ ಆಕಿಗೆ ಇರಾಕ ಒಂದು ಜಾಗಾ ನೋಡೋ.” ಭರಣಿಕಳ್ಳಿ ನನ್ನ ಚಿಂತೆ ಮಾಡುತ್ತಿದ್ದಳು. ನಾನು ಗೋಡೆಯ ಈಚೆ ಸೆರಗು ಬಾಯಿಗೆ ಹಿಡಿದು ನಿಂತಿದ್ದೆ. ಹೇಳುವುದೇ ಎಂದುಕೊಂಡೆ.

ಎರಡನೆಯ ಸಲ ಜಮಖಾನೆ ಹಾಸಿದಾಗ ಓಣಿಯೇ ಬಂದು ಕುಳಿತಿತ್ತು. ಹೊಸ ಸಾಕ್ಷಿ ಇದೆಯೇ ಎಂದು ಓವರ್‌ಸಿಯರ್ ಕೇಳಿದರು. ನಿಮ್ಮ ಅವ್ವ ನೋಟುಬುಕ್ಕಿನಿಂದ ತಲೆ ಎತ್ತಲೇ ಇಲ್ಲ. ನಾನು ಎದ್ದು ನಿಂತೆ. ಎದ್ದದ್ದೇ ಒಂದು ಸುದ್ದಿ, ಜನ ತಿರುಗಿ ನೋಡಿದರು.

“ಮಾಡ ಐತ್ರಿ” ಎಂದೆ. “ನಾನ ಮುಚ್ಚೀನಿ. ಅದರಾಗ ಭರಣಿ ಐತ್ರಿ.”

ಓವರ್‌ಸಿಯರ್ ಬರೆದುಕೊಳ್ಳುತ್ತ, “ಯಾರ ಭರಣಿ?” ಎಂದರು.

“ನಮ್ಮತ್ತೀದು. ನಾನ ಒಡದೀನಿ. ಬಾಜೂಮನಿ ಅಕ್ಕ ಒಯ್ದಿಲ್ಲ.”

ಎರಡೂ ಮನೆಯವರ ಎದುರಿಗೆ ಸುಣ್ಣದ ಹಕ್ಕಳೆ ಕೆರೆದು ತೆಗೆದರು. ಹೊಟ್ಟಿನ ಮಣ್ಣು ಉದುರಿತು, ಆಮೇಲೆ ಕಂದು ಚೂರು, ಬಿಳಿ ಚೂರು. ಕೊನೆಗೆ ಭರಣಿಯ ಬಾಯಿ ಇಡಿಯಾಗಿ ಬಂತು, ಅತ್ತೆ ಕಟ್ಟಿದ್ದ ದಾರದ ಸಮೇತ. ಇದು ಆಮೇಲೆ ಕೊರೆದ ತೂತು ಇರಬೇಕೆಂದು ಅಕ್ಕನ ಮಗ ವಾದ ಹೂಡಿದ. ಓವರ್‌ಸಿಯರ್ ಅವನ ಕೈಯನ್ನೇ ಹಿಡಿದು ಒಳಗೆ ಹಾಕಿಸಿ, ಮೂರೂ ಬದಿಗೆ ಕೂಡಿಸಿದ ಕೆತ್ತಿದ ಕಲ್ಲು, ಮೇಲಿನ ಚಪ್ಪಡಿ ಮುಟ್ಟಿಸಿದರು. ಗೋಡೆ ಕಟ್ಟುವಾಗಲೇ ಬಿಟ್ಟದ್ದು ಎಂದರು.

ಬಾಜೂಮನೆ ಅಕ್ಕ ಭರಣಿಯ ಬಾಯಿಯನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಕಳ್ಳಿ ಅಂತ ಹೆಸರು ನನಗ, ಮಾಲು ಇಟ್ಟಿದ್ದು ನನ್ನ ಗ್ವಾಡ್ಯಾಗ!”

“ನಿಮ್ಮ ಗ್ವಾಡಿ ಅನಬ್ಯಾಡ್ರಿ, ಯವ್ವಾ” ಎಂದರು ಓವರ್‌ಸಿಯರ್. “ಈಗ ಇಬ್ಬರದೂ ಆತು.”

ಜನ ನಕ್ಕರು. ಆಕೆ ನಗಲಿಲ್ಲ. “ಇಬ್ಬರದೂ ಅನ್ನೂದು ನನಗ ಗೊತ್ತಿತ್ತು. ನಾ ಸೊಸಿಯಾಗಿ ಬಂದಾಗ ಆ ಮಾಡದಾಗ ಇವ್ರತ್ತಿ ದೀಪಾ ಹಚ್ಚಿಡೂದು ನಾನ ನೋಡೀನಿ.”

ಮಗ ಹೌಹಾರಿದ. “ಯವ್ವಾ, ಮತ್ತ ಮದಲ ಯಾಕ ಹೇಳ್ಲಿಲ್ಲ?”

“ಹೇಳಾಕ ಹ್ವಾದ್ರ ನಡುವ ಬಾಯಿ ಹಾಕಬಾರದು ಅಂದ್ರಲ್ಲೋ! ಆಮ್ಯಾಲೂ ಯಾರೂ ಕೇಳ್ಲಿಲ್ಲ. ಕಳ್ಳಿ ಸಾಕ್ಷಿ ಯಾರ್ ಕೇಳ್ತಾರ?”

ಓವರ್‌ಸಿಯರ್ ನಿಯಮದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನಿಮ್ಮ ಅವ್ವ ಬರೆಯುವುದನ್ನು ನಿಲ್ಲಿಸಿದ್ದಳು. ಪುಣೆಯಿಂದ ಬಂದ ಯಾವ ಪಾಠದಲ್ಲೂ ಇದು ಇರಲಿಲ್ಲವೆಂದು ಆಕೆ ನನಗೆ ಆಮೇಲೆ ಹೇಳಿದಳು.

ಒಪ್ಪಂದ ಬರೆದರು. ಗೋಡೆ ಇಬ್ಬರದು. ಒಬ್ಬರನ್ನು ಕೇಳದೆ ಇನ್ನೊಬ್ಬರು ಕೆಡವುವಂತಿಲ್ಲ. ಮಗ ತನ್ನ ಸ್ಲ್ಯಾಬಿನ ಕಂಬಗಳನ್ನು ತನ್ನ ಜಾಗದಲ್ಲಿ ಎಬ್ಬಿಸಬೇಕು, ನಮ್ಮ ತೊಲೆ ಇದ್ದಲ್ಲಿ ಇರಬೇಕು. ಮೂರು ಕಲಮು ಮುಗಿದವು. ಅಕ್ಕ ಕೈ ಎತ್ತಿದಳು.

“ನಾಕನೇದ್ದು ನಂದು ಬರೀರಿ. ಈಕಿ ಓಣ್ಯಾಗ ಮನಿ ಮನಿಗೆ ಹೋಗಿ, ಭರಣಿ ತಾನ ಒಡದದ್ದು ಅಂತ ಬಾಯಿ ಬಿಟ್ಟು ಹೇಳಬೇಕು.”

“ಎಲ್ಲಾರೂ ಇಲ್ಲೇ ಕೇಳ್ಯಾರಲ್ರಿ. ಕಟ್ಟಡದ ವ್ಯಾಜ್ಯದಾಗ ಇದು ಬರೂದಿಲ್ಲ” ಎಂದರು ಓವರ್‌ಸಿಯರ್.

“ಬರೀರಿ, ಸರ್” ಎಂದಳು ನಿಮ್ಮ ಅವ್ವ. ಹೆತ್ತ ಮಗಳು! ನಾನು ಸಹಿ ಮಾಡಿದೆ, ಅಕ್ಕ ಹೆಬ್ಬೆಟ್ಟು ಒತ್ತಿದಳು.

ಆ ಪ್ರಬಂಧದಿಂದಲೇ ನಿಮ್ಮ ಅವ್ವ ಪಾಸಾದಳು. ಪರೀಕ್ಷಕರು ನಾಲ್ಕನೆಯ ಕಲಮಿನ ಪಕ್ಕದಲ್ಲಿ ಕೆಂಪು ಮಸಿಯಿಂದ ದೊಡ್ಡದೊಂದು ಪ್ರಶ್ನೆಯ ಗುರುತು ಹಾಕಿ ಕಳಿಸಿದ್ದರು. ಅದು ಜಾರಿಯಾಯಿತೇ ಎಂದು ಕೇಳಿದ್ದಿರಬೇಕು. ಆಯಿತು.

ಸಹಿ ಮಾಡಿದ ಮರುದಿನ ಬೆಳಿಗ್ಗೆಯೇ ಅಕ್ಕ ಬಂದು ನನ್ನನ್ನು ಹೊರಡಿಸಿದಳು. ಓಣಿಯಲ್ಲಿ ಒಂಬತ್ತು ಬಾಗಿಲು. ಮೊದಲ ಬಾಗಿಲಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಅಕ್ಕ ಪಕ್ಕದಲ್ಲಿ ನಿಂತು, “ಇನ್ನೊಮ್ಮಿ” ಎಂದಳು. ಮೂರನೆಯ ಬಾಗಿಲಿಗೆ ಬರುವಷ್ಟರಲ್ಲಿ ಮಾತು ಕೂಡಿ ಬಂತು. ಐದನೆಯ ಮನೆಯವರು ಕೂಡ್ರಿಸಿ ಚಹಾ ಕೊಟ್ಟರು, ಚೇಳಿನ ಸಂಗತಿಯನ್ನೂ ಸೇರಿಸಿ ಹೇಳು ಎಂದರು, ಹೇಳಿದೆ. ಒಂಬತ್ತನೆಯ ಮನೆಯ ಕಟ್ಟೆಯ ಮೇಲೆ ಕಿವಿ ಕೇಳದ ಒಬ್ಬ ಮುದುಕರು ಕುಳಿತಿದ್ದರು. ಎರಡು ಸಲ ಹೇಳಿದರೂ “ಆಂ?” ಎಂದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೀವಮಾನದಲ್ಲಿ ಮೊದಲ ಸಲ ಓಣಿಯ ನಡುವೆ ನಿಂತು ಕೂಗಿದೆ.

“ಭರಣಿ ಒಡದಾಕಿ ನಾನರೀ! ಈ ಅಕ್ಕ ಅಲ್ಲ!”

ಓಣಿಯ ಬೇವಿನ ಮರದ ಮೇಲಿನ ಕಾಗೆಗಳು ಎದ್ದವು. ಮುದುಕರು ತಿಳಿಯಿತೆಂದು ಎರಡು ಸಲ ತಲೆಯಾಡಿಸಿದರು. ನಾನು ಮನೆಯ ಕಡೆ ತಿರುಗಿದೆ. ಅಕ್ಕ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಅವಳ ಕಣ್ಣು ತುಂಬಿತ್ತು, ಬಾಯಿ ಮಾತ್ರ ನಗುತ್ತಿತ್ತು.

“ಇನ್ನೊಮ್ಮಿ ಹೇಳ” ಎಂದಳು. “ಅವ್ರಿಗೆ ಕೇಳಿಲ್ಲ.”